ಮುದಿ ಕುದುರೆಗೆ ಏನ್ ಹಾಕೋದು: ಲೂಸರ್ನಾ, ಬೂಸಾನಾ, ಹುರುಳೀನಾ, ಇಲ್ಲಾ ಡಬ್ಬದ ಪೌಡರಾ?

ನಮ್ಮ ರಾಣಿಗೆ ಈಗ 24 ವರ್ಷ. ರೇಸ್ ಬಿಟ್ಟು ಬಂದ ಥರೋಬ್ರೆಡ್ ಹೆಣ್ಣು ಕುದುರೆ, ಬೆಂಗಳೂರಲ್ಲೂ ಮೈಸೂರಲ್ಲೂ ಓಡಿದೋಳು, ಈಗ ನಮ್ಮ ತೋಟದಲ್ಲಿ ರಿಟೈರಾದ ಹೆಡ್‌ಮೇಡಂ ಥರ ಎಲ್ರ ಮೇಲೂ ದರ್ಬಾರ್ ಮಾಡ್ಕೊಂಡಿದಾಳೆ. ಹೋದ ದೀಪಾವಳಿ ಹೊತ್ತಿಗೆ ಪಕ್ಕೆಲುಬು ಎಣಿಸೋ ಹಾಗಾಗಿದ್ಲು. ಮುಂದೆ ಮೇವಿದೆ, ತಿಂತಾನೂ ಇದಾಳೆ, ಆದ್ರೂ ಇಳೀತಾನೇ ಇದಾಳೆ. ಆಗ ನಾನು ಎಲ್ರೂ ಮಾಡೋ ಕೆಲಸಾನೇ ಮಾಡಿದೆ, ಹೋಗಿ ಡಬ್ಬ ತಂದೆ. ಕೀಲಿಗೆ ಒಂದು, ಕೂದಲಿಗೆ ಒಂದು, ಲಿವರ್ ಟಾನಿಕ್ ಒಂದು, ರಕ್ತ ಹೆಚ್ಚಿಸೋ ಕೆಂಪು ಸಿರಪ್ ಒಂದು, ಇನ್ನೊಂದು ಯಾತಕ್ಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದಿನ ಬೆಳಿಗ್ಗೆ ಲಾಯ ಗುಡಿಸ್ತಿದ್ದ ಮುನಿಯಣ್ಣ ಅಂಗೈಲಿ ಏನೋ ಇಟ್ಕೊಂಡು ಬಂದ್ರು. "ಸಾರ್, ಇದ್ ನೋಡಿ, ಎಲೆಅಡಿಕೆ ಹಾಕ್ಕೊಂಡು ಉಗಿದಂಗೆ ಉಗೀತಾವ್ಳೆ." ನಿಂಬೆಹಣ್ಣಿನ ಗಾತ್ರದ ಹಸಿರು ಉಂಡೆ, ಜೊಲ್ಲಲ್ಲಿ ಒದ್ದೆ. ಬಿಡಿಸಿ ನೋಡಿದ್ರೆ ಒಳಗೆ ಹುಲ್ಲಿನ ಕಡ್ಡಿ ಬೆರಳುದ್ದ ಹಾಗೇ ಇದೆ, ನುರಿದೇ ಇಲ್ಲ. ಗೋದಲಿ ಕೆಳಗೆ ಅಂಥವು ಹನ್ನೊಂದು ಸಿಕ್ಕವು. ಅಂದ್ರೆ ಅವಳು ತಿಂತಿರ್ಲಿಲ್ಲ, ಬಾಯಲ್ಲಿ ಹೊರಳಾಡಿಸಿ ಉಗೀತಿದ್ಲು. ನಾನು ಸಾವಿರಾರು ರೂಪಾಯಿ ಪೌಡರನ್ನ ಹಲ್ಲೇ ಇಲ್ಲದ ಬಾಯಿಗೆ ಸುರೀತಿದ್ದೆ.

ಕುದುರೆ ಹಲ್ಲು ನಮ್ಮ ಹಲ್ಲಿನ ಥರ ಅಲ್ಲ. ವರ್ಷಕ್ಕೆ 2-3 ಮಿ.ಮೀ. ಸವೆಯತ್ತೆ, ಒಸಡಿನ ಒಳಗಿಂದ ಹೆಚ್ಚುಕಮ್ಮಿ ಅಷ್ಟೇ ಮೇಲಕ್ಕೆ ಬರತ್ತೆ, ಒಳಗಿನ ಸ್ಟಾಕ್ ಮುಗಿಯೋ ತನಕ. ಇಪ್ಪತ್ತು ದಾಟಿದ ಮೇಲೆ ಬಹಳಷ್ಟು ಕುದುರೆಗಳಲ್ಲಿ ದವಡೆ ಹಲ್ಲು ನುಣ್ಣಗಾಗಿರತ್ತೆ, ಕೆಲವು ಬಿದ್ದೇ ಹೋಗಿರತ್ತೆ, ಇಲ್ಲಾ ಸಂದಿ ಬಿಟ್ಟು ಅಲ್ಲಿ ಮೇವು ಸಿಕ್ಕಿಕೊಂಡು ಕೊಳೀತಿರತ್ತೆ. ಅದಕ್ಕೇ ಈ ಹೋಲಿಕೆ ಬರೀತಿರೋದು. ಯಾವ ಡಬ್ಬ ಒಳ್ಳೇದು ಅನ್ನೋ ಪ್ರಶ್ನೆ ಆಮೇಲೆ, ಮೊದ್ಲು ಕುದುರೇಲಿ ಏನು ಕೆಟ್ಟಿದೆ ಅಂತ ಗೊತ್ತಾಗ್ಬೇಕು, ಆಮೇಲೆ ಹುಲ್ಲು, ಆಮೇಲೆ ಕಾಳು, ಪೌಡರು ಎಲ್ಲಾ ಮುಗಿದ ಮೇಲೆ.

ಡಾಕ್ಟ್ರನ್ನ ಕರೆಸಿದಾಗ ಏನೇನು ನೋಡಿಸ್ಬೇಕು ಅಂತ ಮೊದ್ಲು ಹೇಳ್ಬಿಡ್ತೀನಿ. ಬಾಯಿ ತೆರೆಸಿ ಹಿಂದಿನ ಹಲ್ಲು, ಲದ್ದೀಲಿ ಹುಳದ ಮೊಟ್ಟೆ, ರಕ್ತದಲ್ಲಿ ಕಿಡ್ನಿ ಲಿವರ್ ಲೆಕ್ಕ, ಇನ್ಸುಲಿನ್, ಮತ್ತೆ ಎಸಿಟಿಎಚ್ ಅನ್ನೋ ಹಾರ್ಮೋನು. ನಮ್ಮ ದೇಶದಲ್ಲಿ ಇನ್ನೂ ಒಂದನ್ನ ಮರೀಬಾರದು, ಸರ್ರಾ ಮತ್ತು ಉಣ್ಣೆ ಹುಳ ಕಚ್ಚಿ ಬರೋ ಥೈಲೇರಿಯಾ, ಬೇಬೀಸಿಯಾ. ಈ ರಕ್ತದ ಪರಾವಲಂಬಿಗಳು ಸದ್ದಿಲ್ಲದೆ ಕುದುರೇನ ಒಣಗಿಸ್ತವೆ, ಹೊರದೇಶದ ಮುದಿಕುದುರೆ ಗೈಡ್‌ಗಳಲ್ಲಿ ಇವುಗಳ ಹೆಸರು ಕಾಣ್ಸೋದು ಕಮ್ಮಿ, ನಾವು ಅದನ್ನ ನೋಡ್ಕೊಂಡು ಇಲ್ಲಿ ಓಟ್ಸ್ ಜಾಸ್ತಿ ಮಾಡ್ತಾ ಕೂತಿರ್ತೀವಿ.

ತೂಕ ಹಾಕೋ ಕಾಟಾ ಇಲ್ದಿದ್ರೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಸೆಂ.ಮೀ.ನಲ್ಲಿ, ಅದನ್ನ ಅದರಿಂದಲೇ ಗುಣಿಸಿ, ಭುಜದ ಮೂಲೆಯಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ರಾಣಿಗೆ ಸುತ್ತಳತೆ 172, ಉದ್ದ 158, ಸುಮಾರು 393 ಕೆ.ಜಿ. ಬಂತು. ಜೊತೆಗೆ ಕೈಯಾಡಿಸಿ ಮೈ ನೋಡೋದು, 1ರಿಂದ 9ರವರೆಗೆ ಅಂಕ ಕೊಡೋ ಹೆನ್ನೆಕೆ ಪದ್ಧತಿ 1983ರಿಂದ ಇದೆ, 5 ಅಂದ್ರೆ ಸರಿಯಾಗಿದೆ, ರಾಣಿಗೆ ನಾನು 3 ಕೊಟ್ಟೆ, ಡಾಕ್ಟ್ರು ಎರಡೂವರೆ ಅಂದ್ರು.

ಹುಲ್ಲು

ಮುದಿಯಾಗ್ಲಿ ಮರಿಯಾಗ್ಲಿ ಕುದುರೆ ಹೊಟ್ಟೆ ನಡೆಯೋದು ನಾರಿಂದ. ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಒಣ ಲೆಕ್ಕದಲ್ಲಿ ದಿನಕ್ಕೆ ಹೋಗ್ಬೇಕು, 400 ಕೆ.ಜಿ. ಕುದುರೆಗೆ 6ರಿಂದ 8 ಕೆ.ಜಿ. ಒಣ ಲೆಕ್ಕ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಹಸಿಹುಲ್ಲಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ, 20 ಕೆ.ಜಿ. ಹಸಿ ಹೊರೆ ತಂದು ಹಾಕಿದ್ರೂ ಹೊಟ್ಟೆಗೆ ಹೋಗಿದ್ದು ನಾಲ್ಕೈದು ಕೆ.ಜಿ. ಅಷ್ಟೇ. ನೋಡೋಕೆ ಮಾತ್ರ ಗುಡ್ಡ.

ಲೂಸರ್ನ್, ನಮ್ಮ ಕಡೆ ಕುದುರೆ ಮಸಾಲೆ ಸೊಪ್ಪು ಅಂತಾರೆ. ಹೆಸರಲ್ಲೇ ಕುದುರೆ ಇದೆ ಅಂತ ಕಣ್ಮುಚ್ಚಿ ಹಾಕ್ಬೇಡಿ. ಪ್ರೋಟೀನ್ ಚೆನ್ನಾಗಿದೆ, ಮಾಂಸಖಂಡ ಕರಗಿದ ಮುದಿ ಕುದುರೆಗೆ ಬೇಕಾಗಿರೋದೂ ಅದೇ, ಎಲೆ ಮೆತ್ತಗಿರತ್ತೆ, ಹೊಟ್ಟೆ ಅಲ್ಸರ್ ಇದ್ರೆ ಅದ್ರಲ್ಲಿರೋ ಕ್ಯಾಲ್ಸಿಯಂ ಆಮ್ಲವನ್ನ ತಣಿಸತ್ತೆ. ಆದ್ರೆ ಕಿಡ್ನಿ ಸೋತಿದ್ರೆ ಇದು ಬೇಡ, ಯಾಕಂದ್ರೆ ಕುದುರೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನ ಹೊರಗೆ ಹಾಕೋದು ಮೂತ್ರದಲ್ಲೇ. ಲಿವರ್ ತೀರಾ ಕೆಟ್ಟು ಮಂಕು ಬಡಿದ ಹಾಗೆ ನಿಲ್ತಿದ್ರೂ ಇಷ್ಟು ಪ್ರೋಟೀನ್ ಒಳ್ಳೇದಲ್ಲ. ಇವೆರಡೂ ಸರಿಯಿದ್ರೆ ಒಟ್ಟು ಹುಲ್ಲಲ್ಲಿ ಮೂರನೇ ಒಂದು ಭಾಗ ಲೂಸರ್ನ್, ನನ್ನ ಮೊದಲ ಆಯ್ಕೆ.

ಹೈಬ್ರಿಡ್ ನೇಪಿಯರ್. ಹಸು ಇರೋ ಪ್ರತಿ ಮನೆ ಬದೂಲೂ ಇದೆ, ಅಗ್ಗ, ಕೊಯ್ದಷ್ಟೂ ಬರತ್ತೆ. ನಾನು ಎರಡು ವರ್ಷ ಇದನ್ನೇ ಹಾಕಿದೆ, ಈಗ ನೆನೆಸ್ಕೊಂಡ್ರೆ ಬೇಜಾರಾಗತ್ತೆ. ಇದ್ರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಮ್ಮನ್ನ ಕಟ್ಟಿಹಾಕತ್ತೆ, ಹಸುವಿನ ಮೊದಲ ಹೊಟ್ಟೇಲಿ ಅದನ್ನ ಒಡೆಯೋ ಜೀವಾಣುಗಳಿವೆ, ಕುದುರೆ ಸಣ್ಣ ಕರುಳಲ್ಲಿ ಕ್ಯಾಲ್ಸಿಯಂ ಹೀರೋ ಜಾಗದಲ್ಲಿ ಆ ಅನುಕೂಲ ಇಲ್ಲ. ಆಗ ದೇಹ ಕ್ಯಾಲ್ಸಿಯಂನ ಮೂಳೆಯಿಂದ ಕಿತ್ಕೊಳ್ಳತ್ತೆ, ಕುದುರೆ ಕುಂಟತ್ತೆ, ಕೊನೆಗೆ ಮುಖದ ಮೂಳೆ ಊದ್ಕೊಂಡು ತಲೆ ದಪ್ಪ ಕಾಣತ್ತೆ. ಹಸುಗೆ ಒಳ್ಳೇದಾದ್ದು ಕುದುರೆಗೂ ಒಳ್ಳೇದು ಅನ್ನೋ ನಂಬಿಕೆ ಇದೆಯಲ್ಲ, ಅದರಷ್ಟು ಕುದುರೆ ಕೆಡಿಸಿದ್ದು ಇನ್ನೊಂದಿಲ್ಲ. ಬೇರೆ ದಾರಿಯೇ ಇಲ್ಲ ಅಂದ್ರೆ ಅರ್ಧಕ್ಕಿಂತ ಕಮ್ಮಿ ಇಟ್ಟು ಜೊತೆಗೆ ಲೂಸರ್ನ್ ಸೇರಿಸಿ.

ಗರಿಕೆ. ಗಣೇಶನಿಗೆ ಇಡ್ತೀವಲ್ಲ ಅದೇ. ಆಕ್ಸಲೇಟ್ ಕಾಟ ಕಮ್ಮಿ, ಎಳೇದು ಸಿಕ್ಕಿದ್ರೆ ಹಲ್ಲು ಸೋತ ಕುದುರೇನೂ ತಿನ್ನತ್ತೆ. ತೊಂದ್ರೆ ಏನಂದ್ರೆ ಬಿಡಿಸಿ, ತೊಳೆದು, ಮಣ್ಣು ತೆಗೆದು ಕೊಡೋರು ಬೇಕು, ಬೇರಿನ ಜೊತೆ ಮರಳು ಹೋಗಿ ಹೊಟ್ಟೇಲಿ ಕೂತ್ರೆ ಮರಳಿನ ಕಾಲಿಕ್, ಅಂದ್ರೆ ಜೋರು ಹೊಟ್ಟೆನೋವು, ಬರತ್ತೆ.

ಓಟ್ಸ್ ಹುಲ್ಲು, ರೋಡ್ಸ್ ಹುಲ್ಲು ಒಣಗಿಸಿದ್ದು ಸಿಕ್ರೆ ಒಳ್ಳೇದೇ, ಓಟ್ಸ್ ಹುಲ್ಲಲ್ಲಿ ಸಕ್ಕರೆ ಅಂಶ ಕೆಲವು ಸಲ ಜಾಸ್ತಿ ಇರತ್ತೆ, ಇನ್ಸುಲಿನ್ ತೊಂದ್ರೆ ಇರೋ ಕುದುರೆಗೆ ನೆನೆಸಿ ಕೊಡ್ಬೇಕು. ರಾಗಿ ಹುಲ್ಲು ಹೊಟ್ಟೆ ತುಂಬ್ಸೋಕೆ ಪರವಾಗಿಲ್ಲ, ಹಲ್ಲಿದ್ರೆ. ಭತ್ತದ ಹುಲ್ಲು ಮುದಿ ಕುದುರೆಗೆ ಬೇಡವೇ ಬೇಡ, ಸತ್ವ ಇಲ್ಲ, ಗಡಸು, ಕರುಳಲ್ಲಿ ಗಡ್ಡೆ ಕಟ್ಟತ್ತೆ. ಹಸಿ ಜೋಳ, ಸುಡಾನ್ ಹುಲ್ಲಿನ ಕಡೆ ತಲೆ ಹಾಕ್ಬೇಡಿ, ಸಯನೈಡ್ ವಿಷ ಒಂದು ಕಡೆ, ಕುದುರೆಗೆ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡೋ ಕಾಯಿಲೆ ಇನ್ನೊಂದು ಕಡೆ.

ಯಾವ ಹುಲ್ಲು ಅನ್ನೋದಕ್ಕಿಂತ ಯಾವ ರೂಪದಲ್ಲಿ ಅನ್ನೋದು ನನಗೆ ದೊಡ್ಡ ವಿಷಯ ಆಗಿದ್ದು. ಉಗಿಯೋ ಉಂಡೆ ಕಮ್ಮಿ ಇದ್ರೆ ಮೇವು ಕತ್ತರಿಸೋ ಮಷಿನ್‌ನಲ್ಲಿ ಸಣ್ಣಗೆ ಕತ್ತರಿಸಿ ಒದ್ದೆ ಮಾಡಿ ಕೊಡ್ಬಹುದು. ಆದ್ರೆ ಕತ್ತರಿಸಿದ್ದು ನುರಿಸಿದ ಹಾಗಲ್ಲ, ದವಡೆ ಪೂರ್ತಿ ಹೋಗಿದ್ರೆ ಕತ್ತರಿಸಿದ್ದನ್ನ ಹಾಗೇ ನುಂಗಿ ಕಾಲಿಕ್ ಮಾಡ್ಕೊಳ್ಳತ್ತೆ. ಅಂಥದಕ್ಕೆ ಪೆಲೆಟ್, ಅಂದ್ರೆ ಮೇವನ್ನ ಪುಡಿ ಮಾಡಿ ಒತ್ತಿದ ಗುಳಿಗೆ, ಲೂಸರ್ನ್‌ದನ್ನೋ ಹುಲ್ಲಿನದನ್ನೋ ಒಂದಕ್ಕೆ ಎರಡು ಮೂರರಷ್ಟು ನೀರಲ್ಲಿ ನೆನೆಸಿ ಗಂಜಿ ಮಾಡ್ಬೇಕು, ಹುಲ್ಲಿನ ಜಾಗದಲ್ಲಿ ಪೂರ್ತಿ ಇದೇ. ಒಣ ಪೆಲೆಟ್ ಹಾಕಿದ್ರೆ ಗಂಟಲಲ್ಲಿ ಸಿಕ್ಕಿಕೊಂಡು ಮೂಗಿಂದ ಹಸಿರು ನೀರು ಸುರಿಯತ್ತೆ. ರಾಣಿಗೆ ಒಂದು ಸಲ ಆಗಿತ್ತು, ಒಂದೂವರೆ ಗಂಟೆ, ಡಾಕ್ಟ್ರು ಬಂದು ಮೂಗಲ್ಲಿ ನಳಿಗೆ ಹಾಕಿ ತೆಗೆಯೋವರೆಗೆ ಮುನಿಯಣ್ಣ ಅವಳ ತಲೆ ಕೆಳಗೆ ಹಿಡ್ಕೊಂಡೇ ನಿಂತಿದ್ರು. ಬೇಸಿಗೇಲಿ ನೆನೆಸಿದ ಗಂಜಿ ಬೇಗ ಹುಳಿ ಬರತ್ತೆ, ಬೆಳಿಗ್ಗೆದು ಸಂಜೆಗೆ ಇಡ್ಬೇಡಿ.

ಉಬ್ಬಸ ಇರೋ ಕುದುರೆಗೂ ಒದ್ದೆ ಹುಲ್ಲೇ, ಧೂಳು ಕೂರಿಸೋಕೆ ಒಂದು ಅದ್ದು ಸಾಕು. ಸಕ್ಕರೆ ತೆಗೆಯೋಕಾದ್ರೆ ತಣ್ಣೀರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ, ಆ ನೀರನ್ನ ಚೆಲ್ಲಿ, ನೀರಿನ ಜೊತೆ ಖನಿಜಾನೂ ಹೋಗತ್ತೆ ಅನ್ನೋದು ಲೆಕ್ಕದಲ್ಲಿರ್ಲಿ.

ಕಾಳು, ಬೂಸಾ, ಹಿಂಡಿ

ಇಲ್ಲಿ ಒಂದೇ ಪ್ರಶ್ನೆ ಮೊದ್ಲು: ನಿಮ್ಮ ಕುದುರೆಗೆ ಕುಶಿಂಗ್ ಅನ್ನೋ ಹಾರ್ಮೋನ್ ಕಾಯಿಲೆ ಇದೆಯಾ, ಇನ್ಸುಲಿನ್ ಜಾಸ್ತಿ ಇದೆಯಾ? ಕೂದಲು ಉದ್ದ ಬೆಳೆದು ಬೇಸಿಗೆಗೂ ಉದುರದೇ ಇರೋದು, ಬೆನ್ನಿನ ಮಾಂಸ ಕರಗಿ ಹೊಟ್ಟೆ ಜೋತು ಬೀಳೋದು, ಬಕೆಟ್ ಬಕೆಟ್ ನೀರು ಕುಡಿದು ಲಾಯ ಎಲ್ಲಾ ಮೂತ್ರ ಮಾಡೋದು, ಗೊರಸು ಬಿಸಿಯಾಗಿ ಮುಂಗಾಲು ಮುಂದೆ ಚಾಚಿ ನಿಲ್ಲೋದು, ಇದ್ರಲ್ಲಿ ಎರಡು ಕಂಡ್ರೂ ಟೆಸ್ಟ್ ಮಾಡಿಸಿ. ಇದ್ರೆ ಪಿಷ್ಟ ಮತ್ತು ಸಕ್ಕರೆ ಎರಡೂ ಸೇರಿ ನೂರಕ್ಕೆ 10-12 ದಾಟದ ಮೇವು ಬೇಕು. ಅಲ್ಲಿಗೆ ಓಟ್ಸ್, ಬಾರ್ಲಿ, ಮೆಕ್ಕೆಜೋಳ, ಬೆಲ್ಲ ಎಲ್ಲಾ ಪಟ್ಟಿಯಿಂದ ಔಟ್. ಓಟ್ಸ್‌ನಲ್ಲೇ ಪಿಷ್ಟ 40ರ ಮೇಲಿದೆ, ಮೆಕ್ಕೆಜೋಳದಲ್ಲಿ 65ರ ಮೇಲೆ. ಮೆಕ್ಕೆಜೋಳ ಯಾವ ಮುದಿ ಕುದುರೆಗೂ ಬೇಡ ಅಂತ ನನ್ನ ಮಾತು.

ಈ ಕಾಯಿಲೆಗಳು ಇಲ್ಲ, ಬರೀ ಹಲ್ಲು ಸೋತು ಇಳಿದಿದೆ ಅಂದ್ರೆ ಓಟ್ಸ್ ಚೆನ್ನಾಗೇ ಇದೆ, ಜಜ್ಜಿ ನೆನೆಸಿದ್ದು, ಒಂದು ಹೊತ್ತಿಗೆ ಒಂದು ಕೆ.ಜಿ. ಒಳಗೆ.

ಹುರುಳಿ. ಜಟಕಾ ಕುದುರೆಗಳ ಕಾಲದಿಂದ ನಮ್ಮ ಊರುಗಳಲ್ಲಿ ಇದೇ ದಾಣಿ, ಇಂಗ್ಲಿಷ್‌ನಲ್ಲೂ ಇದರ ಹೆಸರು ಕುದುರೆಕಾಳು ಅಂತಾನೇ. ಬೇಯಿಸಿದ್ರೆ ಪ್ರೋಟೀನ್ ಚೆನ್ನಾಗಿ ಸಿಗತ್ತೆ, ಮೆತ್ತಗಾಗತ್ತೆ, ಹಲ್ಲಿಲ್ಲದೋಳು ಚಪ್ಪರಿಸಿ ತಿಂತಾಳೆ. ಹಸೀದು ಕೊಡ್ಬಾರ್ದು, ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರೋ ಅಂಶ ಅದ್ರಲ್ಲಿದೆ, ಬೆಂದ್ರೆ ಹೋಗತ್ತೆ. ಆದ್ರೆ ಪಿಷ್ಟ ಇದ್ರಲ್ಲೂ ಜಾಸ್ತೀನೇ, ಕುಶಿಂಗ್ ಕುದುರೆಗೆ ಹುರುಳಿ ಬೇಡ. ಕಿಡ್ನಿ ಕುದುರೆಗೂ ಬೇಡ.

ಗೋಧಿ ಬೂಸಾ ಬಗ್ಗೆ ಮುನಿಯಣ್ಣನಿಗೂ ನನಗೂ ಜಗಳಾನೇ ಆಗಿದೆ. "ಬೂಸಾ ಹಾಕಿದ್ರೆ ಹೊಟ್ಟೆ ಸಡಿಲ ಆಯ್ತದೆ ಸಾರ್, ನಮ್ಮಪ್ಪನ ಕಾಲದಿಂದ ಹಾಕ್ತಾವ್ರೆ." ಬಿಸಿ ಬೂಸಾ ಗಂಜಿ ಕುದುರೆಗೆ ಇಷ್ಟ ಅನ್ನೋದು ನಿಜ, ನೀರು ಹೊಟ್ಟೆಗೆ ಹೋಗತ್ತೆ ಅನ್ನೋದೂ ನಿಜ, ಆದ್ರೆ ಭೇದಿ ಮಾಡಿಸೋ ಗುಣ ಅದಕ್ಕಿಲ್ಲ. ವಾರಕ್ಕೊಂದು ದಿನ ಮಾತ್ರ ಕೊಡೋದಂತೂ ಇನ್ನೂ ಕೆಟ್ಟದ್ದು, ಕುದುರೆ ಕರುಳಿಗೆ ದಿಢೀರ್ ಬದಲಾವಣೆ ಆಗಲ್ಲ. ದೊಡ್ಡ ತೊಂದ್ರೆ ಅಂದ್ರೆ ಒಂದು ಕೆ.ಜಿ. ಬೂಸಾದಲ್ಲಿ ರಂಜಕ ಸುಮಾರು 10 ಗ್ರಾಂ, ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ. ಕುದುರೆಗೆ ಬೇಕಿರೋದು ಇದರ ಉಲ್ಟಾ, ರಂಜಕ ಒಂದು ಪಾಲಾದ್ರೆ ಕ್ಯಾಲ್ಸಿಯಂ ಒಂದೂವರೆ ಎರಡು ಪಾಲು. ನೇಪಿಯರ್ ಜೊತೆ ಬೂಸಾ ಸೇರಿದ್ರೆ ಮೂಳೆಗೆ ಎರಡೂ ಕಡೆಯಿಂದ ಹೊಡೆತ, ಮತ್ತೆ ಬಹಳಷ್ಟು ಕಡೆ ಬಡಪಾಯಿ ಕುದುರೆಗೆ ಸಿಗೋದು ಈ ಜೋಡಿನೇ. ಹಾಕಲೇಬೇಕು ಅಂದ್ರೆ ಕೆ.ಜಿ.ಗೆ ಸುಮಾರು 40 ಗ್ರಾಂ ಸುಣ್ಣದಕಲ್ಲಿನ ಪುಡಿ, ಮೇವಿಗೆ ಅಂತಲೇ ಮಾರೋದು. ಎಲೆಅಡಿಕೆ ಸುಣ್ಣ ಅಲ್ಲಪ್ಪಾ, ಅದು ಬಾಯಿ ಸುಡತ್ತೆ! ನಾವು ಕೊನೆಗೆ ರಾಜಿ ಆಗಿದ್ದು, ದಿನಾ ಒಂದು ಹಿಡಿ ಬೂಸಾ, ರುಚಿಗೆ.

ಅಕ್ಕಿ ತೌಡಲ್ಲಿ ಕೊಬ್ಬು ಜಾಸ್ತಿ, ಮೈ ತುಂಬ್ಸತ್ತೆ, ಆದ್ರೆ ಬೇಗ ಕಮಟು ಹಿಡಿಯತ್ತೆ, ರಂಜಕದ ಗೋಳು ಇದ್ರಲ್ಲೂ ಇದೆ. ಅಂಗಡೀಲಿ ಎಣ್ಣೆ ತೆಗೆದ ತೌಡೂ ಸಿಗತ್ತೆ, ಅದನ್ನ ತಂದ್ರೆ ಕೊಬ್ಬೂ ಇಲ್ಲ, ರಂಜಕ ಮಾತ್ರ ಉಳೀತು, ಕೇಳಿ ತಗೊಳ್ಳಿ.

ನನಗೆ ನಿಜವಾಗ್ಲೂ ಕೆಲಸ ಮಾಡಿದ್ದು ಕೊಬ್ಬರಿ ಹಿಂಡಿ. ಹೊರದೇಶದ ಗೈಡ್‌ಗಳೆಲ್ಲ ಬೀಟ್ ಪಲ್ಪ್ ಬೀಟ್ ಪಲ್ಪ್ ಅಂತ ಹೇಳ್ತವೆ, ಸಕ್ಕರೆ ಬೀಟ್‌ರೂಟಿಂದ ಸಕ್ಕರೆ ತೆಗೆದ ಮೇಲೆ ಉಳಿಯೋ ಚರಟ ಅದು, ನಮಗೆ ಸುಲಭವಾಗಿ ಸಿಗಲ್ಲ. ಆದ್ರೆ ಆಸ್ಟ್ರೇಲಿಯಾದವರು ಕುದುರೆಗೆ ತೆಂಗಿನ ಹಿಂಡಿ ಹಾಕ್ತಾರೆ ಅಂತ ಗೊತ್ತಾದಾಗ ನಾನು ಹಣೆ ಚಚ್ಚಿಕೊಂಡೆ, ತಿಪಟೂರು ನಮ್ಮ ಮನೆ ಬಾಗ್ಲಲ್ಲಿದೆ! ಪಿಷ್ಟ ಸಕ್ಕರೆ ಸೇರಿ ನೂರಕ್ಕೆ ಹೆಚ್ಚುಕಮ್ಮಿ 11-12, ಪ್ರೋಟೀನ್ 20ರ ಸುಮಾರು, ಗಾಣದ ಹಿಂಡಿ ಆದ್ರೆ ಎಣ್ಣೆ ಅಂಶಾನೂ ಉಳಿದಿರತ್ತೆ, ನೆನೆಸಿದ್ರೆ ಮೆತ್ತಗೆ. ಕುಶಿಂಗೂ ಇದೆ, ಹಲ್ಲೂ ಇಲ್ಲ, ಸಣ್ಣಗೂ ಆಗಿದೆ ಅನ್ನೋ ಮೂರೂ ಒಟ್ಟಿಗೆ ಇರೋ ಕುದುರೆಗೆ ನಮ್ಮ ಕಡೆ ಇದಕ್ಕಿಂತ ಒಳ್ಳೇ ಆಯ್ಕೆ ನಾನು ಕಂಡಿಲ್ಲ. ಒಂದೇ ಷರತ್ತು, ಬೂಷ್ಟು ಹಿಡಿದಿರ್ಬಾರ್ದು, ಕಮಟು ವಾಸನೆ ಬಂದ್ರೆ ವಾಪಸ್ ಕಳಿಸಿ. ಬೂಷ್ಟಿನ ವಿಷ ಸೀದಾ ಲಿವರ್‌ಗೆ ಹೊಡೆಯತ್ತೆ, ಕಡ್ಲೆಕಾಯಿ ಹಿಂಡೀಲಿ ಆ ಭಯ ಇನ್ನೂ ಜಾಸ್ತಿ, ಮಳೆಗಾಲದಲ್ಲಿ ನಾನು ಅದನ್ನ ತರೋದೇ ಇಲ್ಲ.

ಇನ್ನೊಂದು, ಇದು ಹೋಲಿಕೆ ಅಲ್ಲ, ಎಚ್ಚರಿಕೆ. ಕೋಳಿ ಫೀಡು, ಹಸುವಿನ ಫೀಡು ಕುದುರೆಗೆ ಹಾಕ್ಬೇಡಿ. ಮೊನೆನ್ಸಿನ್ ಥರದ ಔಷಧಿ ಅದ್ರಲ್ಲಿ ಬೆರೆಸಿರ್ತಾರೆ, ಕೋಳಿಗೆ ಏನೂ ಆಗಲ್ಲ, ಕುದುರೆ ಹೃದಯ ನಿಂತು ಸಾಯತ್ತೆ. ಒಬ್ಬ ಅಂಗಡಿಯವನು ನನಗೆ "ಎಲ್ಲಾ ಪ್ರಾಣಿಗೂ ನಡೆಯತ್ತೆ ಸಾರ್" ಅಂತ ಒಂದು ಚೀಲ ಗಾಡಿಗೆ ಹಾಕಿಸಿದ್ದ, ಲೇಬಲ್ ಓದಿ ಇಳಿಸಿದೆ.

ಎಣ್ಣೆ: ಪಿಷ್ಟ ಇಲ್ಲದೆ ಕ್ಯಾಲೊರಿ ಹೆಚ್ಚಿಸೋಕೆ ಸುಲಭದ ದಾರಿ. 50 ಮಿ.ಲೀ.ಯಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ 200ರವರೆಗೆ, ಲದ್ದಿ ಜಿಡ್ಡಾದ್ರೆ ಹಿಂದಕ್ಕೆ. ಅಗಸೆ ಎಣ್ಣೇಲಿ ಒಮೆಗಾ-3 ಇದೆ, ಸೂರ್ಯಕಾಂತಿ ಎಣ್ಣೇಲಿ ಇಲ್ಲ, ಕೀಲುನೋವಿನ ಮುದಿ ಕುದುರೆಗೆ ಅಗಸೆ ಮೇಲು. ಎಣ್ಣೆ ಹಾಕಿದಷ್ಟೂ ವಿಟಮಿನ್ ಇ ಜಾಸ್ತಿ ಬೇಕಾಗತ್ತೆ. ಲಿವರ್ ಸೋತಿದ್ರೆ ಎಣ್ಣೆಗೆ ಕೈ ಹಾಕೋ ಮೊದ್ಲು ಡಾಕ್ಟ್ರನ್ನ ಕೇಳಿ.

ಯಾರಾದ್ರೂ ಉಪವಾಸ ಬಿದ್ದು ಮೂಳೆ ಚಕ್ಕಳ ಆದ ಜಟಕಾ ಕುದುರೇನ ಮನೆಗೆ ತಂದಿದ್ರೆ ಮೇಲಿನದ್ದೆಲ್ಲ ಆಮೇಲೆ. ಪಾಪ ಅಂತ ಮೊದಲ ದಿನಾನೇ ಬಕೆಟ್ ತುಂಬಾ ಓಟ್ಸ್ ಕೊಟ್ರೆ ರಕ್ತದ ರಂಜಕ ದಿಢೀರ್ ಇಳಿದು ಕುದುರೆ ಸಾಯಬಹುದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇದಕ್ಕೆ ಹೇಳಿರೋದು ಒಣ ಲೂಸರ್ನ್, ಅರ್ಧ ಕೆ.ಜಿ. ಆಸುಪಾಸು, ನಾಲ್ಕು ಗಂಟೆಗೊಮ್ಮೆ, ನಿಧಾನಕ್ಕೆ ಹೆಚ್ಚಿಸ್ತಾ ಹೋಗೋದು.

ಡಬ್ಬಗಳು

ಉಪ್ಪು ಮೊದಲು. ದಿನಕ್ಕೆ 25-30 ಗ್ರಾಂ, ಅಡುಗೆ ಮನೆ ಉಪ್ಪೇ. ಮುದಿ ಕುದುರೆ ನೀರು ಕಮ್ಮಿ ಕುಡಿದು ಕರುಳು ಕಟ್ಟಿಕೊಳ್ಳೋದು ಜಾಸ್ತಿ, ಉಪ್ಪು ನೀರಿಗೆ ಎಳೆಯತ್ತೆ. ಕಿಡ್ನಿ ಕುದುರೆಗೆ ಮಾತ್ರ ಡಾಕ್ಟ್ರನ್ನ ಕೇಳಿ ಹಾಕಿ. ಚಳಿಗಾಲದ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಟ್ಟು ನೋಡಿ, ವ್ಯತ್ಯಾಸ ಬಕೆಟ್ಟಲ್ಲೇ ಕಾಣತ್ತೆ.

ವಿಟಮಿನ್ ಇ, ಹಸಿಹುಲ್ಲು ಸಿಗದ ಕುದುರೆಗೆ ಬೇಕು, ಒಣಗಿದ ಹುಲ್ಲಲ್ಲಿ ಅದು ಉಳಿಯಲ್ಲ. ದಿನಾ ಹಸಿರು ಮೇಯೋದಕ್ಕೆ ದುಡ್ಡು ದಂಡ. ಇದರ ಜೊತೆ ಸೆಲೇನಿಯಂ ಅನ್ನೋ ಖನಿಜ ಸೇರಿಸಿ ಮಾರ್ತಾರೆ, ಎರಡು ಮೂರು ಡಬ್ಬದಲ್ಲಿ ಸೆಲೇನಿಯಂ ಇದ್ರೆ ಕೂಡಿಸಿ ನೋಡಿ, ಬೇಕಾದ್ದಕ್ಕೂ ವಿಷಕ್ಕೂ ಅಂತರ ಬಹಳ ಕಮ್ಮಿ. ಖನಿಜ ಮಿಶ್ರಣ, ಕುದುರೆಗೆ ಅಂತ ಮಾಡಿದ್ದು, ಒಂದೇ ಒಂದು ಸಾಕು. ಯೀಸ್ಟ್, ಲದ್ದಿ ತೆಳ್ಳಗಿದ್ರೆ ಒಂದು ತಿಂಗಳು ಹಾಕಿ ನೋಡ್ಬಹುದು.

ಕೀಲಿನ ಗ್ಲೂಕೋಸಮೈನ್‌ಗೆ ಬಾಯಲ್ಲಿ ಕೊಟ್ರೆ ಉಪಯೋಗ ಇದೆ ಅನ್ನೋ ಪುರಾವೆ ತೆಳು. ನಾನು ಆ ದುಡ್ಡನ್ನ ಲಾಳದವನಿಗೆ ಕೊಡ್ತೀನಿ, ಗೊರಸು ಸರಿಯಾಗಿ ಕತ್ತರಿಸಿದ್ರೆ ನಡಿಗೆ ಅದಕ್ಕಿಂತ ಸುಧಾರಿಸತ್ತೆ. ನೋವಿನ ಮಾತ್ರೆ ದಿನಾ ಕೊಡ್ತಿದ್ರೆ ಕಿಡ್ನಿ ಲೆಕ್ಕ ಆಗಾಗ ನೋಡಿಸಿ. ಕೆಂಪು ಸಿರಪ್, ಅಂದ್ರೆ ಕಬ್ಬಿಣ, ಬೇಡ. ಹುಲ್ಲಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಕುಶಿಂಗ್‌ಗೆ ಗಿಡಮೂಲಿಕೆ ಪೌಡರ್ ಅಂತ ಮಾರ್ತಾರೆ, ಅದಕ್ಕಿರೋ ಔಷಧಿ ಪರ್ಗೊಲೈಡ್ ಮಾತ್ರೆ, ಪೌಡರ್ ಆ ಜಾಗ ತುಂಬಲ್ಲ. ಮಾತ್ರೆ ಶುರು ಮಾಡಿದ ಮೊದಲ ದಿನಗಳಲ್ಲಿ ಕೆಲವು ಮೇವು ಬಿಡ್ತವೆ, ಗಾಬರಿಯಾಗಿ ಬೆಲ್ಲ ಬೆರೆಸಿ ತಿನ್ನಿಸೋಕೆ ಹೋಗ್ಬೇಡಿ, ಡೋಸ್ ಬಗ್ಗೆ ಡಾಕ್ಟ್ರಿಗೆ ಫೋನ್ ಮಾಡಿ.

ರಾಣಿಗೆ ಟೆಸ್ಟಲ್ಲಿ ಕುಶಿಂಗ್ ಸಿಕ್ತು, ಕಿಡ್ನಿ ಲಿವರ್ ಸರಿಯಿತ್ತು. ಈಗ ಅವಳ ಊಟ ಹೀಗಿದೆ: ಲೂಸರ್ನ್ ಪೆಲೆಟ್ ಎರಡೂವರೆ ಕೆ.ಜಿ., ಹುಲ್ಲಿನ ಪೆಲೆಟ್ ಮೂರು, ಕೊಬ್ಬರಿ ಹಿಂಡಿ ಒಂದು, ಎಲ್ಲಾ ಒಣ ತೂಕ, ನೆನೆಸಿ ಐದು ಹೊತ್ತಿಗೆ ಹಂಚಿ, ಕೊನೇದು ರಾತ್ರಿ ಹತ್ತಕ್ಕೆ. ಅಗಸೆ ಎಣ್ಣೆ 150 ಮಿ.ಲೀ., ಉಪ್ಪು, ವಿಟಮಿನ್ ಇ, ಖನಿಜ ಮಿಶ್ರಣ, ಮುನಿಯಣ್ಣನ ಒಂದು ಹಿಡಿ ಬೂಸಾ. ಮಧ್ಯಾಹ್ನ ಎಳೆ ಗರಿಕೆ ಒಂದು ಸಣ್ಣ ಹೊರೆ, ಅದ್ರಲ್ಲಿ ಅರ್ಧ ಉಗೀತಾಳೆ, ಉಗೀಲಿ, ಬಾಯಿಗೆ ಕೆಲಸ ಬೇಕಲ್ಲ. ಹಳೇ ಮೇವಿಂದ ಇದಕ್ಕೆ ಬರೋಕೆ ಎರಡು ವಾರ ತಗೊಂಡ್ವಿ, ಐದು ಡಬ್ಬದಲ್ಲಿ ನಾಲ್ಕನ್ನ ನಿಲ್ಲಿಸಿದ್ವಿ.

ನಾಲ್ಕು ತಿಂಗಳಿಗೆ ಸುತ್ತಳತೆ 172ರಿಂದ 176ಕ್ಕೆ ಬಂತು, ಲೆಕ್ಕ ಹಾಕಿದ್ರೆ 412 ಕೆ.ಜಿ. ಮುನಿಯಣ್ಣ ಟೇಪ್ ನಂಬಲ್ಲ, ಪಕ್ಕೆ ಮೇಲೆ ಅಂಗೈ ಒತ್ತಿ ನೋಡಿ "ಬೂಸಾದಿಂದ ಸಾರ್" ಅಂತಾರೆ.